ರೆಪ್ಪೆಯಲ್ಲಿ ಉಳಿಯಬೇಕಾದ ಎರಡು ಸೆಂಟಿಮೀಟರ್

ಕನ್ನಡಿ ಮುಂದೆ ನಿಂತು ಕಣ್ಣು ಮುಚ್ಚಿ. ಹಣೆ ಸಡಿಲ ಬಿಡಿ. ಹುಬ್ಬು ಮೇಲೇಳದಂತೆ ಬೆರಳಿನಿಂದ ಒತ್ತಿ ಹಿಡಿದು ಈಗ ಕಣ್ಣು ಬಿಡಿ. ಐವತ್ತು ದಾಟಿದ ಎಷ್ಟೋ ಜನಕ್ಕೆ ಇಷ್ಟರಲ್ಲೇ ಒಂದು ಗುಟ್ಟು ತಿಳಿಯುತ್ತದೆ. ಇಷ್ಟು ದಿನ ಕಣ್ಣು ತೆರೆಯಲು ಹಣೆಯೂ ದುಡಿಯುತ್ತಿತ್ತು! ರೆಪ್ಪೆ ಜೋತುಬಿದ್ದಾಗ ಹುಬ್ಬು ತಾನಾಗಿ ಮೇಲೇರಿ ಅದನ್ನು ಎತ್ತಿ ಹಿಡಿಯುತ್ತದೆ. ಹಣೆಯ ಗೆರೆಗಳು, ಸಂಜೆಯ ತಲೆಭಾರ ಎಷ್ಟೋ ಸಲ ಆ ದುಡಿಮೆಯ ಫಲ.

ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ದಿನಕ್ಕೆ ಸಾವಿರಾರು ಸಲ ಮಡಚಿ ಬಿಚ್ಚುತ್ತದೆ. ವಯಸ್ಸಾದಂತೆ ಸಡಿಲಾಗದೆ ಇನ್ನೇನಾದೀತು? ಹಾಗೆ ಹೆಚ್ಚಾದ ಚರ್ಮವನ್ನು, ಬೇಕಿದ್ದರೆ ಸ್ವಲ್ಪ ಕೊಬ್ಬನ್ನೂ ತೆಗೆದು ಹೊಲಿಯುವುದೇ ಬ್ಲೆಫರೋಪ್ಲಾಸ್ಟಿ. 1818ರಲ್ಲಿ ಜರ್ಮನಿಯ ಫಾನ್ ಗ್ರೇಫೆ ಈ ಹೆಸರಿಟ್ಟಾಗ ಅದಕ್ಕೂ ಅಂದಕ್ಕೂ ಸಂಬಂಧವಿರಲಿಲ್ಲ. ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ರೆಪ್ಪೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಅವರು ಕೊಟ್ಟ ಹೆಸರು ಅದು.

ಆದರೆ ಜೋಲುತ್ತಿರುವುದು ಯಾವುದು ಅನ್ನೋದು ಮೊದಲು ಗೊತ್ತಾಗಬೇಕು. ಚರ್ಮವೇ ಜಾಸ್ತಿಯಾಗಿರಬಹುದು. ಹುಬ್ಬೇ ಕೆಳಗಿಳಿದು ಚರ್ಮವನ್ನು ತಳ್ಳುತ್ತಿರಬಹುದು. ರೆಪ್ಪೆ ಎತ್ತುವ ಸ್ನಾಯುವಿನ ಹಿಡಿತ ತಪ್ಪಿರಲೂಬಹುದು. ಕನ್ನಡಿಯಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಸ್ನಾಯು ಸೋತವರಿಗೆ ಚರ್ಮ ಕತ್ತರಿಸಿದರೆ ಕಣ್ಣು ಅರ್ಧ ಮುಚ್ಚಿಯೇ ಇರುತ್ತದೆ. ಇನ್ನು ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಇಳಿಯುತ್ತಿದ್ದರೆ ಅದು ಮಯಸ್ತೇನಿಯಾ ಎಂಬ ನರ-ಸ್ನಾಯುವಿನ ಕಾಯಿಲೆ ಇರಬಹುದು. ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಎಲ್ಲ ಎರಡೆರಡು ಕಾಣತೊಡಗಿದರೆ ಅಂದದ ಮಾತು ಬಿಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಮೆದುಳಿನ ರಕ್ತನಾಳ ಊದಿಕೊಂಡಿರಬಹುದು.

ಕತ್ತರಿ ಹಾಕುವ ಮುಂಚೆ ನಡೆಯುವ ಅಳತೆಯ ಕೆಲಸ ನನಗೆ ತುಂಬ ಇಷ್ಟ. ರೋಗಿಯನ್ನು ಕೂರಿಸಿಯೇ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಮಲಗಿದರೆ ಹುಬ್ಬು ಹಿಂದೆ ಸರಿದು ಲೆಕ್ಕ ತಪ್ಪುತ್ತದಲ್ವಾ, ಅದಕ್ಕೆ. ಚರ್ಮವನ್ನು ಚಿಮುಟದಲ್ಲಿ ಮೆಲ್ಲಗೆ ಹಿಡಿದು, ಕಣ್ಣು ಇನ್ನೂ ಪೂರ್ತಿ ಮುಚ್ಚುತ್ತದೆಯೇ ಎಂದು ನೋಡುತ್ತಾರೆ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು ಎನ್ನುವುದು ರೂಢಿಯ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ನಿದ್ದೆಯಲ್ಲೂ ಕಣ್ಣು ಮುಚ್ಚದೆ ಕರಿಗುಡ್ಡೆ ಒಣಗಬಹುದು. ಕಡಿಮೆ ತೆಗೆದಿದ್ದರೆ ಮತ್ತೊಮ್ಮೆ ತೆಗೆಯಬಹುದು. ಜಾಸ್ತಿ ತೆಗೆದದ್ದನ್ನು ತುಂಬಲು ಬೇರೆ ಕಡೆಯ ಚರ್ಮ ತಂದು ತೇಪೆ ಹಾಕಬೇಕಾಗುತ್ತದೆ.

ಈ ಲೆಕ್ಕಾಚಾರ ಹೊಸತೇನಲ್ಲ. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣಿಗೆ ಚುಚ್ಚುವ ಕಾಯಿಲೆಗೆ ಸುಶ್ರುತ ಸಂಹಿತೆ ಹೇಳುವ ಕ್ರಮ ನೋಡಿ. ಹುಬ್ಬಿನ ಕೆಳಗೆ ಎರಡು ಭಾಗ ಬಿಡು, ರೆಪ್ಪೆಗೂದಲಿನ ಕಡೆ ಒಂದು ಭಾಗ ಬಿಡು, ನಡುವೆ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ತೆಗೆದು ಕೂದಲಿನಿಂದ ಹೊಲಿ. ವೈದ್ಯ ಮೈಮರೆಯಬಾರದು ಎಂಬ ಎಚ್ಚರಿಕೆಯೂ ಅದೇ ಸಾಲಿನಲ್ಲಿದೆ. ಅಲ್ಲಿಯೂ ಬಿಡುವ ಮಾತು ಮೊದಲು, ಕತ್ತರಿಸುವ ಮಾತು ಆಮೇಲೆ.

ಹೊಲಿಗೆಯ ಗುರುತು ರೆಪ್ಪೆಯ ಮಡಿಕೆಯೊಳಗೆ ಅಡಗುತ್ತದೆ. ರೆಪ್ಪೆ ಎತ್ತುವ ಸ್ನಾಯುವಿನ ಎಳೆಗಳು ಚರ್ಮಕ್ಕೆ ಅಂಟಿಕೊಂಡಿರುವ ಜಾಗ ಆ ಮಡಿಕೆ. ಕೊರಿಯಾ, ಜಪಾನ್, ಚೀನಾದ ಬಹಳಷ್ಟು ಜನರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ. ಅದನ್ನು ಹೊಲಿಗೆಯಿಂದ ಮೂಡಿಸುವ ವಿಧಾನವನ್ನು ಜಪಾನಿನ ಮಿಕಾಮೊ 1896ರಲ್ಲೇ ಪ್ರಕಟಿಸಿದ್ದರು. ದಕ್ಷಿಣ ಕೊರಿಯಾದಲ್ಲಿ ನವೆಂಬರಿನ ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿ ಚಳಿಗಾಲದ ರಜೆಯಲ್ಲಿ ಇದನ್ನು ಮಾಡಿಸಿಕೊಳ್ಳುವ ಹುಡುಗ ಹುಡುಗಿಯರಿದ್ದಾರೆ. ಮಡಿಕೆ ಇಲ್ಲದ ಕಣ್ಣಿಗೆ ಏನು ಕೊರತೆಯೋ ನನಗಂತೂ ಕಾಣದು.

ಕೆಳಗಿನ ರೆಪ್ಪೆಯ ಕಥೆ ಬೇರೆ. ಕಣ್ಣಿನ ಕೆಳಗಿನ ಚೀಲದಲ್ಲಿರುವುದು ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು. ಅದನ್ನು ತಡೆಯುವ ಪರದೆ ಸಡಿಲಾದಾಗ ಮುಂದೆ ಉಬ್ಬುತ್ತದೆ. ರೆಪ್ಪೆಯ ಒಳಮೈಯಿಂದ ಹೋಗಿ, ಹೊರಗೆ ಗುರುತೇ ಬೀಳದಂತೆ ಅದನ್ನು ಸರಿಪಡಿಸಬಹುದು. ಹಿಂದೆ ಕೊಬ್ಬನ್ನು ಧಾರಾಳವಾಗಿ ತೆಗೆದು ಕಣ್ಣು ಗುಳಿಬೀಳುತ್ತಿತ್ತು. ಈಗ ಎಷ್ಟೋ ಸರ್ಜನ್‌ಗಳು ಅದನ್ನೇ ಕೆಳಗಿನ ಹಳ್ಳಕ್ಕೆ ಸರಿಸಿ ಹರಡುತ್ತಾರೆ. ಆದರೆ ನಮ್ಮ ಮೈಬಣ್ಣದವರಲ್ಲಿ ಕಣ್ಣಿನ ಸುತ್ತಲಿನ ಕಪ್ಪು ಹೆಚ್ಚಾಗಿ ಚರ್ಮದ ಬಣ್ಣವೇ. ಚೀಲ ಹೋದರೂ ಆ ಬಣ್ಣ ಹೋಗದು. ಸುಮ್ನೆ ದುಡ್ಡು ಕಳೆದುಕೊಂಡು ಕೊರಗುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ಮೇಲಿನ ರೆಪ್ಪೆಗೆ ಮರಗಟ್ಟಿಸುವ ಇಂಜೆಕ್ಷನ್ ಸಾಕು, ಒಂದು ಗಂಟೆಯ ಆಸುಪಾಸಿನ ಕೆಲಸ. ಹೊಲಿಗೆ ವಾರದೊಳಗೆ ಬಿಚ್ಚುತ್ತಾರೆ. ಕಪ್ಪುನೀಲಿ ಮಾಸಲು ಒಂದೆರಡು ವಾರ ಬೇಕು, ಆದ್ದರಿಂದ ಮಗಳ ಮದುವೆಗೆ ಹತ್ತು ದಿನ ಇದೆ ಎನ್ನುವಾಗ ಹೊರಡಬೇಡಿ. ಕಣ್ಣು ಮೊದಲೇ ಒಣಗುತ್ತಿದ್ದರೆ, ಥೈರಾಯ್ಡ್ ತೊಂದರೆ ಇದ್ದರೆ, ಲೇಸರ್‌ನಲ್ಲಿ ಕನ್ನಡಕ ತೆಗೆಸಿದ್ದರೆ ಮುಚ್ಚಿಡದೆ ಹೇಳಿ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆಯೂ, ಬೆಳ್ಳುಳ್ಳಿ, ಮೀನೆಣ್ಣೆ ಕ್ಯಾಪ್ಸೂಲ್ ಬಗ್ಗೆಯೂ ಹೇಳಿ. ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮಾತ್ರೆಗಳ ಬಗ್ಗೆ ಇಷ್ಟು ಕೆದಕುವುದಕ್ಕೆ ಕಾರಣವಿದೆ. ಕಣ್ಣುಗುಡ್ಡೆಯ ಹಿಂದೆ ರಕ್ತ ಸೋರಿ ತುಂಬಿದರೆ ಒತ್ತಡಕ್ಕೆ ದೃಷ್ಟಿನರ ಸಾಯಬಹುದು. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಇಂಥ ರಕ್ತಸ್ರಾವ ಸುಮಾರು 2,000 ಜನರಲ್ಲಿ ಒಬ್ಬರಿಗೆ ಆಗಿತ್ತು. ಶಾಶ್ವತವಾಗಿ ದೃಷ್ಟಿ ಕೆಟ್ಟದ್ದು ಸುಮಾರು 22,000ದಲ್ಲಿ ಒಬ್ಬರಿಗೆ. ಅಪರೂಪವೇ ಸರಿ. ಆದರೆ ಆದಾಗ ಕೈಯಲ್ಲಿರುವುದು ಒಂದೆರಡು ಗಂಟೆಗಳ ಸಮಯ. ಹೆಚ್ಚಾಗಿ ಮೊದಲ 24 ಗಂಟೆಯೊಳಗೇ ಆಗುತ್ತದೆ. ಕಣ್ಣು ಬಿಗಿದು ಮುಂದೆ ಬಂದಂತಾಗಿ, ಸಿಡಿಯುವ ನೋವು ಬಂದು, ನೋಟ ಮಂಜಾದರೆ ಬೆಳಗಾಗಲಿ ಎಂದು ಕಾಯಬಾರದು. ಆಪರೇಷನ್‌ಗೆ ಒಪ್ಪುವ ಮುಂಚೆಯೇ ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು ಎಂದು ಕೇಳಿ, ಆ ನಂಬರ್ ಬರೆದುಕೊಳ್ಳಿ.