ಬೆಲ್ಟೋ ಷಾಫ್ಟೋ: ಆರ್‌ಸಿ ಬಗ್ಗಿಗಳ ಹಳೆಯ ಜಗಳ ಮತ್ತು ನಮ್ಮ ಕೆಂಪು ಮಣ್ಣು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ರಿಮೋಟ್ ಕಾರಿನ (ಆರ್‌ಸಿ) ಹುಚ್ಚು ಹತ್ತಿದವರು ಆಟಿಕೆ ಬಿಟ್ಟು ನಿಜವಾದ ರೇಸಿಂಗ್ ಬಗ್ಗಿ, ಅಂದರೆ ಮಣ್ಣಿನ ಮೇಲೆ ಓಡುವ ಹಗುರ ಕಾರು, ಕೊಳ್ಳಲು ಹೊರಟರೆ ಒಂದು ಪ್ರಶ್ನೆಯ ಮುಂದೆ ನಿಂತೇ ನಿಲ್ಲುತ್ತಾರೆ. ಬೆಲ್ಟ್ ಡ್ರೈವಾ, ಷಾಫ್ಟ್ ಡ್ರೈವಾ? ಹಳಬರು ಬೆಲ್ಟ್ ಅನ್ನುತ್ತಾರೆ, ಹೊಸಬರು ಷಾಫ್ಟ್ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಯಾಕೆಂದರೆ ಇಬ್ಬರ ತಲೆಯಲ್ಲಿರುವ ಮೋಟಾರು ಬೇರೆ, ಟ್ರ್ಯಾಕ್ ಬೇರೆ. ಮೋಟಾರು ಯಾವುದು, ನೆಲ ಎಂಥದ್ದು ಅಂತ ಕೇಳದೆ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದೇ ಇಲ್ಲ. ಇದರ ಚರಿತ್ರೆಯನ್ನು ನೋಡಿದರೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ನಾನಿಲ್ಲಿ ಹೇಳುತ್ತಿರುವುದು 1/10 ಅಳತೆಯ (ನಿಜ ಕಾರಿನ ಹತ್ತನೇ ಒಂದು ಭಾಗದ), ನಾಲ್ಕು ಚಕ್ರವೂ ಎಳೆಯುವ ಎಲೆಕ್ಟ್ರಿಕ್ ಬಗ್ಗಿಗಳ ವಿಷಯ. ತೂಕ ಸುಮಾರು 1.6 ಕಿಲೊ. ಮುಂದೊಂದು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ), ಹಿಂದೊಂದು. ಮೋಟಾರು ಮಾತ್ರ ಒಂದೇ. ಅದರ ಬಲ ಎರಡೂ ಕಡೆ ಮುಟ್ಟಬೇಕು. ಹಲ್ಲಿರುವ ಬೆಲ್ಟ್ ಹಾಕಿ ಪುಲ್ಲಿ ತಿರುಗಿಸುವುದು ಒಂದು ದಾರಿ. ಉದ್ದಕ್ಕೆ ಒಂದು ಷಾಫ್ಟ್, ಅಂದರೆ ತಿರುಗುವ ಕಂಬಿ, ಹಾಯಿಸಿ, ತುದಿಯಲ್ಲಿ ಬೆವೆಲ್ ಗೇರ್ ಇಟ್ಟು ತಿರುಗುವ ದಿಕ್ಕನ್ನು ಬದಲಿಸುವುದು ಇನ್ನೊಂದು. ನಮ್ಮ ಕಡೆ ಎರಡೂ ಕಣ್ಣೆದುರೇ ಇವೆ. ಗದ್ದೆಯ ಪವರ್ ಟಿಲ್ಲರಿನಲ್ಲಿ ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಹೋಗುವುದು ಬೆಲ್ಟ್. ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ನಿನ ಉದ್ದ ಕೊಳವೆಯೊಳಗೆ ಇರುವುದು ಷಾಫ್ಟ್, ಬ್ಲೇಡಿನ ಹತ್ತಿರ ಬೆವೆಲ್ ಗೇರ್.

ಮೊದಮೊದಲು ಈ ಎರಡರ ಜೊತೆ ಮೂರನೆಯದೂ ಇತ್ತು, ಚೈನ್. 1985ರಲ್ಲಿ ಅಮೆರಿಕದ ಡೆಲ್ ಮಾರ್‌ನಲ್ಲಿ 1/10 ಆಫ್-ರೋಡ್ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ನಾಲ್ಕು ಚಕ್ರದ ವಿಭಾಗದಲ್ಲಿ ಗೆದ್ದ ಗಿಲ್ ಲೋಸಿ ಜೂನಿಯರ್ ಓಡಿಸಿದ್ದು ಯೊಕೊಮೊ ಕಂಪನಿಯ ಚೈನ್ ಬಗ್ಗಿ. ಅದೇ ವರ್ಷ ಬಂದ ಕ್ಯೋಶೊ ಕಂಪನಿಯ ಆಪ್ಟಿಮಾದಲ್ಲೂ ಚೈನೇ. ಅದೇ 1985ರಲ್ಲಿ ತಮಿಯಾ ಕಂಪನಿ ತನ್ನ ಮೊದಲ ನಾಲ್ಕು ಚಕ್ರದ ಬಗ್ಗಿ ಹಾಟ್‌ಶಾಟ್ ಅನ್ನು ಷಾಫ್ಟ್ ಹಾಕಿ ಹೊರತಂದಿತು. ಅಂದರೆ ಷಾಫ್ಟ್ ಮೊನ್ನೆ ಮೊನ್ನೆ ಬಂದದ್ದಲ್ಲ. ಬೆಲ್ಟಿನ ಕಾಲ ಶುರುವಾಗುವ ಮೊದಲೇ ಅದು ಇತ್ತು.

ಚೈನ್ ಬೇಗ ಬಿದ್ದುಹೋಯಿತು. ಸದ್ದು ಜಾಸ್ತಿ, ಧೂಳು ಕೂತರೆ ಎಳೆತ ಜಾಸ್ತಿ, ದಿನ ಕಳೆದಂತೆ ಸಡಿಲ.

ಬೆಲ್ಟ್ ಗದ್ದುಗೆ ಏರಿದ್ದು ಇಂಗ್ಲೆಂಡಿನಿಂದ. ಕಾಸ್‌ವರ್ತ್ ಕಂಪನಿಯಲ್ಲಿ ಟ್ರಾನ್ಸ್‌ಮಿಷನ್ ಎಂಜಿನಿಯರ್ ಆಗಿದ್ದ ಸೆಸಿಲ್ ಶೂಮಾಕರ್ ಆರ್‌ಸಿ ಕಾರುಗಳಿಗೆ ಬಾಲ್ ಡಿಫರೆನ್ಷಿಯಲ್ (ಗೇರಿನ ಬದಲು ಪುಟ್ಟ ಗುಂಡುಗಳಿರುವುದು) ತಂದವರು. ಅವರ ಕಂಪನಿಯ ಕ್ಯಾಟ್ ಬಗ್ಗಿ ಬೆಲ್ಟಿನ ಮೇಲೆ ಓಡುತ್ತಿತ್ತು. 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ 17 ವರ್ಷದ ಹುಡುಗ ಮಸಾಮಿ ಹಿರೊಸಾಕಾ ಅದನ್ನು ಓಡಿಸಿ ಗೆದ್ದ. ಮುಂದೆ ಬೇರೆ ಬೇರೆ ವಿಭಾಗಗಳಲ್ಲಿ ಸೇರಿ 14 ವಿಶ್ವ ಪಟ್ಟ ಗೆದ್ದ ಹಿರೊಸಾಕಾ ಇವರೇ. ಆಮೇಲೆ ಅವರು ಹೆಸರು ಮಾಡಿದ ಯೊಕೊಮೊ ವೈಜೆಡ್-10 ಕೂಡ ಬೆಲ್ಟ್ ಬಗ್ಗಿ. 1990ರ ದಶಕದ ಕೊನೆಗೆ ಬಂದ ಲೋಸಿ ಕಂಪನಿಯ ಎಕ್ಸ್‌ಎಕ್ಸ್-4 ಸಹ ಬೆಲ್ಟೇ. ಗೆಲ್ಲಬೇಕು ಅಂದರೆ ಬೆಲ್ಟ್ ಅನ್ನುವ ಮಾತು ಗಟ್ಟಿಯಾಗಿದ್ದು ಈ ವರ್ಷಗಳಲ್ಲಿ.

ಯಾಕೆ ಹೀಗಾಯಿತು? ನನ್ನ ಪ್ರಕಾರ ಇಡೀ ಜಗಳದ ಬೇರು ಇಲ್ಲೇ ಇದೆ. ಆಗಿನ ಬ್ಯಾಟರಿ ನೆನಪು ಮಾಡಿಕೊಳ್ಳಿ. ಆರು ನಿಕಲ್-ಕ್ಯಾಡ್ಮಿಯಂ ಸೆಲ್, 7.2 ವೋಲ್ಟ್, 1980ರ ದಶಕದ ಮಧ್ಯದಲ್ಲಿ ಸಾಮರ್ಥ್ಯ 1200 ಎಂಎಎಚ್ ಆಸುಪಾಸು. ಮೋಟಾರಿನಲ್ಲಿ ಕಾರ್ಬನ್ ಬ್ರಷ್. ಐದು ನಿಮಿಷದ ರೇಸ್ ಮುಗಿಯುವ ಮೊದಲೇ ಬ್ಯಾಟರಿ ಕೈಕೊಡುತ್ತದೋ ಏನೋ ಅನ್ನುವ ಭಯ ಎಲ್ಲರಿಗೂ ಇತ್ತು. ಶಕ್ತಿ ಇಷ್ಟು ಕಮ್ಮಿ ಇದ್ದಾಗ ಅದನ್ನು ದಾರಿಯಲ್ಲಿ ಪೋಲು ಮಾಡದವನೇ ಗೆಲ್ಲುತ್ತಾನೆ, ಅಲ್ವಾ? ಬೆಲ್ಟ್ ಬಗ್ಗಿಯಲ್ಲಿ ಮೋಟಾರು ಅಡ್ಡಕ್ಕೆ ಕೂರುತ್ತದೆ. ಅದರ ಅಚ್ಚು, ಪುಲ್ಲಿಯ ಅಚ್ಚು, ಚಕ್ರದ ಅಚ್ಚು ಎಲ್ಲ ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ. ಬಲವನ್ನು ಎಲ್ಲೂ ಮೂಲೆ ತಿರುಗಿಸುವ ಕೆಲಸ ಇಲ್ಲ. ಷಾಫ್ಟಿನಲ್ಲಿ ಹಾಗಲ್ಲ. ಪ್ರತಿ ತುದಿಯಲ್ಲೂ ಬಲ 90 ಡಿಗ್ರಿ ತಿರುಗಬೇಕು. ಆಗಿನ ಪ್ಲಾಸ್ಟಿಕ್ ಬೆವೆಲ್ ಗೇರುಗಳು ಅಷ್ಟು ನುಣುಪಾಗಿರಲಿಲ್ಲ, ಅಲ್ಲೇ ಒಂದಷ್ಟು ತಿಂದುಹಾಕುತ್ತಿದ್ದವು. 1988ರಲ್ಲಿ ತಮಿಯಾ ತುಂಬ ಆಸೆಯಿಂದ, ದುಬಾರಿಯಾಗಿ ಮಾಡಿದ ಅವಾಂಟೆ ಷಾಫ್ಟ್ ಬಗ್ಗಿ. ನೋಡಲು ಈಗಲೂ ಕಣ್ಣು ತುಂಬುತ್ತದೆ. ಆದರೆ ತೂಕ ಹೆಚ್ಚಾಯಿತು, ಟ್ರ್ಯಾಕಿನಲ್ಲಿ ಹಗುರ ಬೆಲ್ಟ್ ಬಗ್ಗಿಗಳ ಮುಂದೆ ನಿಲ್ಲಲಿಲ್ಲ.

ಷಾಫ್ಟಿಗೆ ಇನ್ನೊಂದು ತೊಂದರೆ ಇತ್ತು, ಅದು ಈಗಲೂ ಪೂರ್ತಿ ಹೋಗಿಲ್ಲ. ಉದ್ದಕ್ಕೆ ಇರುವ ಮೋಟಾರು, ಷಾಫ್ಟ್ ಒಂದು ಕಡೆಗೆ ಜೋರಾಗಿ ತಿರುಗಿದರೆ ಚಾಸಿ (ಕಾರಿನ ಚೌಕಟ್ಟು) ಅದಕ್ಕೆ ಎದುರು ದಿಕ್ಕಿಗೆ ವಾಲಲು ನೋಡುತ್ತದೆ. ಥ್ರಾಟಲ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಸ್ವಲ್ಪ ಕೂತಂತೆ ಕಾಣುವುದು ಇದಕ್ಕೇ. ಎಡ ತಿರುವಿನಲ್ಲಿ ಒಂದು ತರಹ, ಬಲ ತಿರುವಿನಲ್ಲಿ ಇನ್ನೊಂದು ತರಹ ಆಡುತ್ತದೆ. ಮೋಟಾರು ಅಡ್ಡಕ್ಕಿರುವ ಬೆಲ್ಟ್ ಬಗ್ಗಿಯಲ್ಲಿ ಈ ಪಕ್ಕದ ವಾಲಾಟ ಇಲ್ಲ. ಡಾಂಬರಿನ ಮೇಲೆ ಓಡುವ ಟೂರಿಂಗ್ ಕಾರುಗಳಲ್ಲಿ ಬೆಲ್ಟ್ ಇಷ್ಟು ವರ್ಷ ಗಟ್ಟಿಯಾಗಿ ನಿಲ್ಲಲು ಇದೂ ಒಂದು ಕಾರಣ.

2000ರ ದಶಕದ ಮಧ್ಯದಲ್ಲಿ ಲೆಕ್ಕ ಬದಲಾಯಿತು. ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟಾರು ಬಂತು, ಹಿಂದೆಯೇ ಲೀಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬಂತು. ಶಕ್ತಿಗೆ ಬರ ಇದ್ದ ಕಡೆ ಶಕ್ತಿ ಮಿಕ್ಕಲು ಶುರುವಾಯಿತು. ಇವತ್ತು ಐದು ನಿಮಿಷದ ರೇಸ್ ಮುಗಿದ ಮೇಲೂ ಬ್ಯಾಟರಿಯಲ್ಲಿ ಎಷ್ಟೋ ಉಳಿದಿರುತ್ತದೆ. ಬೆವೆಲ್ ಗೇರು ಸ್ವಲ್ಪ ತಿಂದರೆ ಯಾರಿಗೂ ನೋವಿಲ್ಲ. ಆದರೆ ಬ್ರಷ್‌ಲೆಸ್ ಮೋಟಾರು ನಿಂತಲ್ಲಿಂದಲೇ ಕೊಡುವ ಏಟನ್ನು ಬೆಲ್ಟ್ ತಾಳಿಕೊಳ್ಳಬೇಕಾಯಿತು. ಬೆಲ್ಟ್ ಸಡಿಲ ಇದ್ದರೆ ಹಲ್ಲು ಹಾರುತ್ತದೆ. ಬಿಗಿ ಮಾಡಿದರೆ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ, ಬೆಲ್ಟಿಗಿದ್ದ ಸಲೀಸು ಓಟವೇ ಹೋಗುತ್ತದೆ. ಅಷ್ಟರಲ್ಲಿ ಗೇರುಗಳೂ ಸುಧಾರಿಸಿದ್ದವು. ಕ್ಯೋಶೊ ತನ್ನ ಲೇಜರ್ ಸಾಲಿನ ಹಳೆಯ ಬಗ್ಗಿಗಳನ್ನು ಬೆಲ್ಟಿನಲ್ಲಿ ಮಾಡಿತ್ತು, ಅದೇ ಸಾಲಿನ ಜೆಡ್‌ಎಕ್ಸ್-5ಕ್ಕೆ ಷಾಫ್ಟ್ ಹಾಕಿತು. ಅಸೋಸಿಯೇಟೆಡ್ ಬಿ44 ಷಾಫ್ಟ್, ಆಮೇಲಿನ ಎಕ್ಸ್‌ರೇ ಎಕ್ಸ್‌ಬಿ4 ಷಾಫ್ಟ್. 2015ರಲ್ಲಿ ಜಪಾನಿನ ಯಾಟಬೆಯಲ್ಲಿ ಪೋರ್ಚುಗಲ್‌ನ ಬ್ರೂನೊ ಕೊಯೆಲ್ಯೊ ನಾಲ್ಕು ಚಕ್ರದ ವಿಶ್ವ ಪಟ್ಟ ಗೆದ್ದಿದ್ದು ಎಕ್ಸ್‌ಬಿ4 ಓಡಿಸಿ. 1/8 ಅಳತೆಯ, ಇಂಧನದ ಎಂಜಿನ್ ಇರುವ ದೊಡ್ಡ ನೈಟ್ರೊ ಬಗ್ಗಿಗಳಲ್ಲಂತೂ ಈ ಚರ್ಚೆ ಎಂದೋ ಮುಗಿದಿತ್ತು. ಮೂರೂವರೆ ಕಿಲೊ ಆಸುಪಾಸಿನ ಕಾರು, ಕಲ್ಲುಮಣ್ಣಿನ ಮೇಲೆ ಅರ್ಧ ಗಂಟೆಗೂ ಮೇಲಿನ ಫೈನಲ್. ಅಲ್ಲಿ ಮೂರು ಡಿಫರೆನ್ಷಿಯಲ್ ಮತ್ತು ಷಾಫ್ಟೇ ಗತಿ.

ಈಗ ನಮ್ಮ ನೆಲಕ್ಕೆ ಬರೋಣ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ನಿಜವಾದ ರ‍್ಯಾಲಿ ಕಾರುಗಳು ಎಬ್ಬಿಸುವ ಕೆಂಪು ಧೂಳನ್ನು ನೋಡಿದವರಿಗೆ ನಮ್ಮ ಮಣ್ಣಿನ ಗುಣ ಹೇಳಬೇಕಿಲ್ಲ. ಜಂಬಿಟ್ಟಿಗೆ ಕಲ್ಲು ಸವೆದು ಆದ ಗರಸು ಅದು. ಹುಡಿ ಧೂಳಿನ ಜೊತೆ ಕಡಲೆ ಗಾತ್ರದ ಗಟ್ಟಿ ಉಂಡೆಗಳು. ಅಂಥ ಒಂದೇ ಒಂದು ಚೂರು ಬೆಲ್ಟ್ ಮತ್ತು ಪುಲ್ಲಿಯ ನಡುವೆ ಸಿಕ್ಕಿದರೆ ಸಾಕು, ಹಲ್ಲು ಕಿತ್ತು ಬರುತ್ತದೆ. ಒಳ್ಳೆಯ ಬೆಲ್ಟ್ ಬಗ್ಗಿಗಳಿಗೆ ಮುಚ್ಚಳ ಇರುತ್ತದೆ, ನಿಜ. ಆದರೆ ಬೆಲ್ಟ್ ಓಡಾಡುವ ಜಾಗ ಉದ್ದ, ಅದನ್ನು ಪೂರ್ತಿ ಮುಚ್ಚುವುದು ಕಷ್ಟ. ಷಾಫ್ಟಿನ ಗೇರುಗಳು ಮುಂದೆ ಹಿಂದೆ ಎರಡು ಪುಟ್ಟ ಡಬ್ಬಿಯೊಳಗೆ ಗ್ರೀಸ್ ಹಚ್ಚಿಕೊಂಡು ಕೂತಿರುತ್ತವೆ. ನಡುವಿನ ಕಂಬಿಗೆ ಕಲ್ಲು ತಾಗಿದರೂ ಏನೂ ಆಗುವುದಿಲ್ಲ.

ಮಳೆ ಬಂದರೆ ಇನ್ನೂ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಒದ್ದೆಯೇ. ಹಸಿ ಮಣ್ಣು ಪುಲ್ಲಿಯ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡರೆ ಬೆಲ್ಟ್ ಮೇಲೆದ್ದು ಓಡುತ್ತದೆ, ಆಮೇಲೆ ಹಾರುತ್ತದೆ. ಹಾಗಾಗಿ ಹೊಲ, ಮೈದಾನ, ತೋಟದ ದಾರಿಯಲ್ಲಿ ಓಡಿಸುವವರಿಗೆ ನನ್ನ ಉತ್ತರ ಷಾಫ್ಟ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಂತ ಕಡಿಮೆ ಬೆಲೆಗೆ ಸಿಕ್ಕ ಹಳೆಯ ಬೆಲ್ಟ್ ಬಗ್ಗಿಯನ್ನು ಸುಮ್ನೆ ಬಿಡಬೇಡಿ. ಸಿಮೆಂಟ್ ಹಾಕಿದ ಅಡಿಕೆ ಅಂಗಳದಲ್ಲಿ, ಮಳೆಗಾಲದಲ್ಲಿ ಸಭಾಂಗಣದೊಳಗೆ ಕಾರ್ಪೆಟ್ ಹಾಸಿ ಓಡಿಸುವಾಗ ಅದರ ಓಟದ ನಯ ಷಾಫ್ಟಿಗೆ ಬರುವುದಿಲ್ಲ. ಕಮ್ಮಿ ಶಕ್ತಿಯ ಮೋಟಾರು ಹಾಕಿದರೆ ಇನ್ನೂ ಚೆಂದ. ಕೊಳ್ಳುವ ಮೊದಲು ಬೆಲ್ಟನ್ನು ಬಿಚ್ಚಿಸಿ ಹಿಮ್ಮುಖ ಬಗ್ಗಿಸಿ ನೋಡಿ. ಹಲ್ಲಿನ ಬುಡದಲ್ಲಿ ಬಿರುಕು ಕಂಡರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಬೆಲ್ಟಿಗೆ ಎಷ್ಟು ಹಲ್ಲಿವೆ ಅಂತ ಎಣಿಸಿ, ಅಗಲ ಅಳೆದು ಬರೆದುಕೊಳ್ಳಿ. ಆ ಮಾಡೆಲ್ ನಿಂತುಹೋಗಿದ್ದರೂ ಅದೇ ಅಳತೆಯ ಬೆಲ್ಟ್ ಬೇರೆ ಕಡೆ ಸಿಗಬಹುದು. ಹಳೆಯ ಷಾಫ್ಟ್ ಬಗ್ಗಿಗೆ ಈ ಅನುಕೂಲ ಇಲ್ಲ. ಅದರ ಬೆವೆಲ್ ಗೇರು ಆ ಕಾರಿಗೇ ಅಂತ ಮಾಡಿದ್ದು. ಆದ್ದರಿಂದ ಷಾಫ್ಟ್ ಬಗ್ಗಿ ಕೊಳ್ಳುವವರು ಹಿಂದಿನ ಎರಡೂ ಚಕ್ರ ಹಿಡಿದು ಸ್ಪರ್ ಗೇರನ್ನು (ಮೋಟಾರಿನ ಪುಟ್ಟ ಗೇರು ತಿರುಗಿಸುವ ದೊಡ್ಡ ಗೇರು) ಮೆಲ್ಲಗೆ ಅಲುಗಿಸಿ ನೋಡಬೇಕು. ಕೂದಲೆಳೆಯಷ್ಟು ಆಟ ಇದ್ದರೆ ಸರಿ. ಕಟಕಟ ಅಂದರೆ ಗೇರ್ ಡಬ್ಬಿ ಬಿಚ್ಚಿಸಿ, ಹಲ್ಲು ಉಳಿದಿದ್ದರೆ ತೆಳು ಷಿಮ್ (ಸಂದಿ ತುಂಬುವ ವಾಷರ್) ಹಾಕಿ ಸರಿಮಾಡಬಹುದು. ಹಲ್ಲಿನ ತುದಿ ಚೂಪಾಗಿ ಸವೆದಿದ್ದರೆ, ಹೊಸ ಗೇರಿನ ಜೋಡಿ ಇನ್ನೂ ಮಾರಾಟದಲ್ಲಿದೆಯೇ ಅಂತ ನೋಡಿಕೊಂಡೇ ದುಡ್ಡು ಕೊಡಿ.