ಸೈಕಲ್ಲಿನ ಉಕ್ಕಿನ ಕೊಳವೆ ಎಷ್ಟು ತೆಳುವಾಗಿರಬಹುದು?

ಒಳ್ಳೆಯ ಉಕ್ಕಿನ ರೇಸಿಂಗ್ ಸೈಕಲ್ಲಿನ ಬಾರನ್ನು ನಡುಭಾಗದಲ್ಲಿ ಉಗುರಿನಿಂದ ತಟ್ಟಿದರೆ ಟೊಳ್ಳಾದ, ತೆಳುವಾದ ಸದ್ದು ಬರುತ್ತದೆ. ಹ್ಯಾಂಡಲ್ ಕಡೆಯ ಜೋಡಣೆಯ ಹತ್ತಿರ ತಟ್ಟಿದರೆ ಆ ಸದ್ದು ಮಂದವಾಗುತ್ತದೆ. ಹೊರಗಿನಿಂದ ಉದ್ದಕ್ಕೂ ಒಂದೇ ಗಾತ್ರವಾಗಿ ಕಾಣುವ ಕೊಳವೆಯ ಗೋಡೆ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆಸುಗೆಯ ಕಾವು ತಗಲುವುದೂ ಸವಾರಿಯ ಒತ್ತಡ ಹೆಚ್ಚಾಗಿ ಬೀಳುವುದೂ ತುದಿಗಳಲ್ಲೇ ಆದ್ದರಿಂದ, ಲೋಹವನ್ನು ಅಲ್ಲಿ ಉಳಿಸಿಕೊಂಡು ನಡುವೆ ಕಡಿಮೆ ಮಾಡುವ ಈ ‘ಬಟೆಡ್’ ಕೊಳವೆಗೆ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲೇ ಪೇಟೆಂಟ್ ಪಡೆದಿದ್ದರು. ಮಿಲಾನಿನ ಕೊಲಂಬಸ್ ಕಂಪನಿಯ ಪ್ರಸಿದ್ಧ ‘ಎಸ್‌ಎಲ್’ ಕೊಳವೆಗಳ ಗೋಡೆ ತುದಿಯಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ಇತ್ತು. ಇಂದು ನಡುಭಾಗದಲ್ಲಿ 0.4 ಮಿ.ಮೀ.ಗೂ ಕಡಿಮೆ ದಪ್ಪದ ಕೊಳವೆಗಳು ಸಿಗುತ್ತವೆ.

ಇಷ್ಟು ತೆಳುವಾಗಿಸಲು ಉಕ್ಕಿನ ಬಲ ಹೆಚ್ಚಬೇಕಾಯಿತು. ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಸೇರಿದ ರೆನಾಲ್ಡ್ಸ್ 531 ಬಂದದ್ದು 1935ರಲ್ಲಿ. ಅದಕ್ಕೇ ವಿಶೇಷ ಶಾಖ ಸಂಸ್ಕಾರ ಕೊಟ್ಟು 1970ರ ದಶಕದಲ್ಲಿ ತಂದ 753 ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಹೆಚ್ಚು ಕಾಯಿಸಿದರೆ ಗಳಿಸಿದ ಬಲವೆಲ್ಲ ಹೋಗುತ್ತಿತ್ತು. ಹಾಗಾಗಿ ಕಡಿಮೆ ಉಷ್ಣತೆಯ ಬೆಳ್ಳಿ ಬೆಸುಗೆಯಲ್ಲಿ ಪಳಗಿ, ಕಂಪನಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಕುಶಲಕರ್ಮಿಗಳಿಗೆ ಮಾತ್ರ ಆ ಕೊಳವೆಗಳನ್ನು ಮಾರಲಾಗುತ್ತಿತ್ತು.

ಆದರೆ ಬಲ ಹೆಚ್ಚಿದಷ್ಟಕ್ಕೆ ಬಿಗಿತ ಹೆಚ್ಚುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಅಗ್ಗದ ಉಕ್ಕಾಗಲಿ ದುಬಾರಿ ಉಕ್ಕಾಗಲಿ, ಲೋಹದ ಬಿಗಿತವನ್ನು ಅಳೆಯುವ ಸ್ಥಿತಿಸ್ಥಾಪಕತ್ವದ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್. ಒಂದೇ ಅಳತೆಯ ಎರಡು ಕೊಳವೆಗಳು ಒಂದೇ ಹೊರೆಗೆ ಹೆಚ್ಚುಕಡಿಮೆ ಒಂದೇ ಅಷ್ಟು ಬಾಗುತ್ತವೆ. ಗೋಡೆಯನ್ನು ತೆಳುವಾಗಿಸಿದಾಗ ಕಳೆದುಕೊಂಡ ಬಿಗಿತವನ್ನು ಕೊಳವೆಯ ವ್ಯಾಸವನ್ನು ಹಿಗ್ಗಿಸಿಯೇ ಮರಳಿ ಪಡೆಯಬೇಕು. ಲೆಕ್ಕ ಹಾಕಿ ನೋಡೋಣ. 28.6 ಮಿ.ಮೀ. ವ್ಯಾಸ, 0.6 ಮಿ.ಮೀ. ಗೋಡೆಯ ಕೊಳವೆಯ ಬದಲಿಗೆ 31.8 ಮಿ.ಮೀ. ವ್ಯಾಸ, 0.4 ಮಿ.ಮೀ. ಗೋಡೆಯದನ್ನು ಹಾಕಿದರೆ ತೂಕ ಕಾಲು ಭಾಗ ಇಳಿಯುತ್ತದೆ, ಬಾಗುವಿಕೆಯ ಬಿಗಿತ ಶೇ. 6ರಷ್ಟು ಮಾತ್ರ ಕಡಿಮೆಯಾಗುತ್ತದೆ. ಕಾಗದದ ಮೇಲೆ ಇದು ಲಾಭದ ವ್ಯಾಪಾರ.

ನಷ್ಟ ಕಾಣಿಸುವುದು ಬೇರೆ ಕಡೆ. ನೆಗ್ಗುವಿಕೆಯನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ ಗೋಡೆಯ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಉಕ್ಕು ಅದೇ ಆಗಿದ್ದರೆ ಅದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಸರಿದೂಗಿಸಲು ಎರಡು ಪಟ್ಟಿಗಿಂತ ಹೆಚ್ಚು ಬಲದ ಉಕ್ಕು ಬೇಕು. ವ್ಯಾಸ ಮತ್ತು ದಪ್ಪದ ಅನುಪಾತವೂ 48ರಿಂದ 80ರ ಸಮೀಪಕ್ಕೆ ಏರುತ್ತದೆ, ಅಂದರೆ ಕೊಳವೆ ತಗಡಿನ ಡಬ್ಬಿಯ ಸ್ವಭಾವಕ್ಕೆ ಹತ್ತಿರವಾಗುತ್ತದೆ. ನಿಲ್ಲಿಸಿದ ಸೈಕಲ್ ಜಾರಿ ಬಿದ್ದು, ಹ್ಯಾಂಡಲ್ಲಿನ ಬಾಗಿದ ತುದಿ ಗಿರಕ್ಕನೆ ತಿರುಗಿ ಬಾರಿಗೆ ಬಡಿದರೆ ಸಾಕು, ಬಣ್ಣ ಹಾರದಿದ್ದರೂ ಹೆಬ್ಬೆರಳು ಕೂರುವಷ್ಟು ನೆಗ್ಗು ಉಳಿಯುತ್ತದೆ. 55 ಸೆಂ.ಮೀ. ಉದ್ದದ ಈ ಕೊಳವೆಯಲ್ಲಿ ಉಳಿಸಿದ ತೂಕ 60 ಗ್ರಾಂಗಿಂತ ಕಡಿಮೆ ಎಂಬುದನ್ನು ನೆನೆದರೆ, ದಿನಬಳಕೆಯ ಸೈಕಲ್ಲಿಗೆ ಈ ವಿನಿಮಯ ಸರಿಯಲ್ಲವೆಂದೇ ನನ್ನ ದೃಢ ಅಭಿಪ್ರಾಯ.

ಉಕ್ಕಿಗೆ ದಣಿವಿಲ್ಲ ಎಂಬ ನಂಬಿಕೆಯನ್ನೂ ಎಚ್ಚರದಿಂದ ನೋಡಬೇಕು. ಒಂದು ಮಿತಿಯೊಳಗಿನ ಒತ್ತಡವನ್ನು ಲಕ್ಷಾಂತರ ಬಾರಿ ಹಾಕಿದರೂ ಉಕ್ಕು ಬಿರುಕು ಬಿಡುವುದಿಲ್ಲ ಎಂಬುದು ನಿಜ. ಆದರೆ ಗೋಡೆ ತೆಳುವಾದಂತೆ ಒತ್ತಡ ಆ ಮಿತಿಯ ಹತ್ತಿರಕ್ಕೆ ಸರಿಯುತ್ತದೆ, ಮತ್ತು ಬೆಸುಗೆಯ ಅಂಚಿನಲ್ಲಿ ಉಕ್ಕಿನ ಹೆಚ್ಚುವರಿ ಬಲ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಜರ್ಮನಿಯ ‘ಟೂರ್’ ಪತ್ರಿಕೆ 1997ರಲ್ಲಿ 12 ಉತ್ತಮ ದರ್ಜೆಯ ಫ್ರೇಮುಗಳನ್ನು ಯಂತ್ರಕ್ಕೆ ಕಟ್ಟಿ ಪೆಡಲ್ ತುಳಿತದ ಹೊರೆಯನ್ನು ಮತ್ತೆ ಮತ್ತೆ ಹಾಕಿಸಿದಾಗ, 2 ಲಕ್ಷ ಆವರ್ತನಗಳನ್ನು ದಾಟಿ ಉಳಿದವು ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮುಗಳು. ಉಕ್ಕಿನವು ಅದಕ್ಕೂ ಮೊದಲೇ ಮುರಿದವು. ಇದರಿಂದ ಉಕ್ಕು ಕೀಳು ಲೋಹವೆಂದಾಗುವುದಿಲ್ಲ. ಯಾವ ಲೋಹ ಎನ್ನುವಷ್ಟೇ ಅದನ್ನು ಎಲ್ಲಿ, ಎಷ್ಟು ಇಟ್ಟಿದ್ದಾರೆ ಎನ್ನುವುದೂ ಮುಖ್ಯ.

ತುಕ್ಕು ಒಳಗಿನಿಂದ ತಿನ್ನುತ್ತದೆ. ಸೀಟಿನ ಕೊಳವೆಯ ಮೂಲಕ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಲ್ಲುತ್ತದೆ. 0.2 ಮಿ.ಮೀ. ಲೋಹ ತುಕ್ಕಾಗಿ ಹೋದರೆ 0.9 ಮಿ.ಮೀ. ಗೋಡೆಗೆ ಇನ್ನೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ, 0.4 ಮಿ.ಮೀ. ಗೋಡೆ ಅರ್ಧವಾಗುತ್ತದೆ. ನಮ್ಮ ಕರಾವಳಿಯಂಥ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲದ ಊರುಗಳಲ್ಲಿ ಇದು ದೂರದ ಚಿಂತೆಯಲ್ಲ. ಕೊಳವೆಗಳ ಒಳಗೆ ಅಗಸೆ ಎಣ್ಣೆಯ ಲೇಪ ಕೊಡುವುದು, ಗೂಡಿನ ತಳದಲ್ಲಿ ನೀರು ಬಸಿಯಲು ಸಣ್ಣ ತೂತು ಇರುವಂತೆ ನೋಡಿಕೊಳ್ಳುವುದು ಅಗತ್ಯ.

ದುರಸ್ತಿಯ ಮಾತಂತೂ ಬೇರೆಯೇ. ಹಾಲಿನ ಕ್ಯಾನು ಹೊರುವ ನಮ್ಮ ಭಾರದ ಸೈಕಲ್ಲು ಮುರಿದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೇ ಸರಿಹೋಗುತ್ತದೆ, ಏಕೆಂದರೆ ಆ ಗೋಡೆ ಕಾವನ್ನು ತಾಳುತ್ತದೆ, 0.4 ಮಿ.ಮೀ. ಕೊಳವೆಯ ಮೇಲೆ ಅದೇ ವೆಲ್ಡಿಂಗ್ ಕಡ್ಡಿ ಇಟ್ಟರೆ ಕ್ಷಣದಲ್ಲಿ ತೂತು ಬೀಳುತ್ತದೆ. ಸಾಮಾನು ಹೊತ್ತು ದೂರ ಪ್ರಯಾಣ ಮಾಡುವ ಸೈಕಲ್ಲುಗಳನ್ನು ಕಟ್ಟುವ ಎಷ್ಟೋ ಕುಶಲಕರ್ಮಿಗಳು ಇಂದಿಗೂ 0.9 ಮತ್ತು 0.6ರ ಹಳೆಯ ಅಳತೆಯನ್ನೇ, ಕೆಲವೊಮ್ಮೆ ಅದಕ್ಕಿಂತ ದಪ್ಪದ ಕೊಳವೆಯನ್ನು, ಆರಿಸಿಕೊಳ್ಳುತ್ತಾರೆ.