ಎತ್ತಿನಹೊಳೆಯಲ್ಲಿ ನೀರೆಷ್ಟು?

ಜುಲೈನಲ್ಲಿ ಶಿರಾಡಿ ಘಾಟಿ ಇಳಿಯುವಾಗ ರಸ್ತೆ ಪಕ್ಕದ ಕೆಂಪುಹೊಳೆಯ ಆರ್ಭಟ ಕಂಡವರಿಗೆ ‘ಇಷ್ಟೊಂದು ನೀರು ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆಯಲ್ಲ’ ಅನ್ನಿಸುವುದು ಸಹಜ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗಂತೂ ಹೊಟ್ಟೆ ಉರಿಯಬೇಕು. ಅಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು, ಸಿಕ್ಕ ನೀರಲ್ಲೂ ಫ್ಲೋರೈಡ್. ಆದರೆ ಕಣ್ಣಿಗೆ ಕಂಡ ಪ್ರವಾಹವನ್ನು ನಂಬಿ ಕುಡಿಯುವ ನೀರಿನ ಯೋಜನೆ ಮಾಡಲಾಗದು. ವರ್ಷಕ್ಕೆ ಒಟ್ಟು ಎಷ್ಟು ಹರಿಯುತ್ತದೆ, ಮಳೆ ಕೈಕೊಟ್ಟ ವರ್ಷ ಎಷ್ಟು, ಅದರಲ್ಲಿ ತೆಗೆಯಬಹುದಾದದ್ದು ಎಷ್ಟು? ಪೈಪು, ಪಂಪು, ಕಾಲುವೆಗಳ ಮಾತೆಲ್ಲ ಆಮೇಲೆ.

ಎತ್ತಿನಹೊಳೆ ಯೋಜನೆಯ ಉತ್ತರ 24.01 ಟಿಎಂಸಿ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಡ್ಡಲಾಗಿ ಎಂಟು ಒಡ್ಡು ಕಟ್ಟಿ, ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಅಂದರೆ 139 ದಿನ, ನೀರನ್ನು ಮೇಲೆತ್ತಿ ಪೂರ್ವಕ್ಕೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಹರಿಸುವುದು ಯೋಜನೆ. ಇದರಲ್ಲಿ 14 ಟಿಎಂಸಿಯಷ್ಟು ಕುಡಿಯಲು, ಉಳಿದದ್ದು 527 ಕೆರೆ ತುಂಬಿಸಲು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಲೆಕ್ಕ ಹಾಕಿದಾಗ ಅದೇ ಹಳ್ಳಗಳಲ್ಲಿ ಸಿಕ್ಕಿದ ಇಳುವರಿ 9.55 ಟಿಎಂಸಿ. ಒಂದೇ ನೀರು, ಎರಡೂವರೆ ಪಟ್ಟು ಅಂತರ!

ಯಾರು ಸರಿ ಎಂದು ನೋಡಲು ಕಂಪ್ಯೂಟರ್ ಮಾದರಿಯೇ ಬೇಕಿಲ್ಲ, ಕಾಗದ ಪೆನ್ನು ಸಾಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಹಾಗಾಗಿ 24 ಟಿಎಂಸಿ ಸುಮಾರು 68 ಕೋಟಿ ಘನ ಮೀಟರ್. ಈ ಹಳ್ಳಗಳ ಜಲಾನಯನ ಪ್ರದೇಶ ಹೆಚ್ಚುಕಮ್ಮಿ 180 ಚದರ ಕಿಲೋಮೀಟರ್, ಅಂದರೆ 18 ಕೋಟಿ ಚದರ ಮೀಟರ್. 68ನ್ನು 18ರಿಂದ ಭಾಗಿಸಿ: 3.78. ಅಷ್ಟೂ ನೆಲದ ಮೇಲಿಂದ 3.78 ಮೀಟರ್, ಅಂದರೆ 3,780 ಮಿಲಿಮೀಟರ್ ಎತ್ತರದ ನೀರು ಹರಿದು ಹಳ್ಳ ಸೇರಬೇಕು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸ್ಥೂಲವಾಗಿ ಮೂರರಿಂದ ನಾಲ್ಕೂವರೆ ಸಾವಿರ ಮಿಲಿಮೀಟರ್. ಒಳ್ಳೆಯ ಮಳೆಯ ವರ್ಷದಲ್ಲೂ ಬಿದ್ದದ್ದರ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹಳ್ಳಕ್ಕೆ ಬರಬೇಕು. ಸಾಧಾರಣ ವರ್ಷದಲ್ಲಿ ಬಿದ್ದದ್ದಕ್ಕಿಂತ ಹೆಚ್ಚು! ಕಾಡು ತನ್ನ ಪಾಲು ಬಿಡುವುದಿಲ್ಲ. ಮರಗಳ ಎಲೆಯಿಂದ ಆವಿಯಾಗುವುದು, ಮಣ್ಣು ಹೀರುವುದು, ಬೇಸಿಗೆಯಲ್ಲಿ ಒರತೆಯಾಗಿ ಜಿನುಗುವುದು, ಎಲ್ಲವೂ ಅದೇ ಮಳೆಯಲ್ಲಿ ಕಳೆಯಬೇಕಾದ ಬಾಬ್ತು. 9.55 ಟಿಎಂಸಿಗೆ ಇದೇ ಭಾಗಾಕಾರ ಮಾಡಿದರೆ ಸುಮಾರು 1,500 ಮಿಲಿಮೀಟರ್ ಬರುತ್ತದೆ. ನನಗೆ ನಂಬಲು ಸುಲಭವಾಗುವುದು ಇದೇ.

ಇಷ್ಟು ದೊಡ್ಡ ಅಂತರಕ್ಕೆ ಆಸ್ಪದ ಸಿಗುವುದಾದರೂ ಹೇಗೆ? ಘಟ್ಟದ ಹಳ್ಳವನ್ನು ಅಳೆಯುವುದು ನಿಜಕ್ಕೂ ಕಷ್ಟ. ಹಳ್ಳದ ದಡದಲ್ಲಿ ಅಳತೆಪಟ್ಟಿ ನಿಲ್ಲಿಸಿ ನೀರಿನ ಮಟ್ಟವನ್ನು ದಿನವೂ ಬರೆದುಕೊಳ್ಳಬೇಕು. ಆಗಾಗ ‘ಕರೆಂಟ್ ಮೀಟರ್’ ಎಂಬ ಸಾಧನ ಇಳಿಸಿ ನೀರಿನ ವೇಗ ಅಳೆದು, ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ನಕ್ಷೆ ತಯಾರಿಸಬೇಕು. ನೀರು ಅತಿ ಹೆಚ್ಚು ಹೋಗುವ ದಿನವೇ ಹಳ್ಳಕ್ಕೆ ಇಳಿಯಲಾಗುವುದಿಲ್ಲ. ಆ ದಿನದ ಹರಿವನ್ನು ನಕ್ಷೆಯ ಗೆರೆ ಉದ್ದ ಎಳೆದು ಅಂದಾಜಿಸುವುದೇ ಗತಿ. ಅಳತೆಯೇ ಇಲ್ಲದ ಹಳ್ಳಗಳಿಗೆ ಕೆಳಗಿನ ದೊಡ್ಡ ನದಿಯ ಅಂಕಿಯನ್ನು ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸಿ ಬಳಸುವ ರೂಢಿಯೂ ಇದೆ. ಮಳೆಯ ಲೆಕ್ಕವೂ ಅಷ್ಟೇ: ಇಲ್ಲಿನ ಕಾಫಿ ತೋಟದವರು ಇಂಚು, ಸೆಂಟಿನಲ್ಲಿ ತಪ್ಪದೆ ಬರೆದಿಡುತ್ತಾರೆ, ಆದರೆ ಒಂದು ಗುಡ್ಡ ದಾಟಿದರೆ ಆ ಅಂಕಿಯೇ ಬೇರೆ.

ಇನ್ನೊಂದು ಸೂಕ್ಷ್ಮ ‘ವಿಶ್ವಾಸಾರ್ಹತೆ’ಯದು. 24 ಟಿಎಂಸಿ ಎಂಬುದು ಶೇ 50ರ ವಿಶ್ವಾಸಾರ್ಹತೆಯ ಅಂಕಿ. ಎರಡು ವರ್ಷಕ್ಕೊಮ್ಮೆ ಮಾತ್ರ ಅಷ್ಟು ಸಿಕ್ಕೀತು ಎಂದರ್ಥ. ನೀರಾವರಿಗೇ ನಮ್ಮಲ್ಲಿ ಶೇ 75 ಹಿಡಿಯುವುದು ವಾಡಿಕೆ. ಒಂದು ಬೆಳೆ ಹೋದರೆ ಮುಂದಿನದಕ್ಕೆ ಕಾಯಬಹುದು. ಬಾಯಾರಿಕೆಗೆ ವರ್ಷ ಬಿಟ್ಟು ವರ್ಷ ಎಂಬ ಸೌಲಭ್ಯವಿಲ್ಲ.

ಇವೆಲ್ಲ ಸಾರ್ವಜನಿಕವಾಗಿ ಚರ್ಚೆಗೆ ಬರಬೇಕಾದ ಜಾಗ ಪರಿಸರ ಪರಿಣಾಮ ಅಧ್ಯಯನ. ಅಲ್ಲೊಂದು ವಿಚಿತ್ರವಿದೆ. 2006ರ ಕೇಂದ್ರ ಅಧಿಸೂಚನೆಯಲ್ಲಿ ನದಿ ಕಣಿವೆ ಯೋಜನೆಗಳನ್ನು ಗುರುತಿಸುವುದು ವಿದ್ಯುತ್ ಎಷ್ಟು ಮೆಗಾವಾಟ್, ನೀರಾವರಿ ಎಷ್ಟು ಹೆಕ್ಟೇರ್ ಎಂಬುದರಿಂದ. ಕುಡಿಯುವ ನೀರು ಆ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಅದಕ್ಕೆ ಈ ಅಧ್ಯಯನವೂ ಬೇಕಿಲ್ಲ. ಹಳ್ಳಿಗೊಂದು ಟ್ಯಾಂಕು ಕಟ್ಟಲು ದೆಹಲಿಗೆ ಅಲೆಯಬೇಕಾಗಿಲ್ಲ ಎಂಬ ಮಟ್ಟಿಗೆ ಇದು ಒಳ್ಳೆಯದೇ. ಆದರೆ 2014ರಲ್ಲೇ 12,912 ಕೋಟಿ ರೂಪಾಯಿ ಅಂದಾಜಿದ್ದ, ನದಿಯನ್ನೇ ಘಟ್ಟದ ಆಚೆಗೆ ತಿರುಗಿಸುವ ಯೋಜನೆಗೂ ಅದೇ ರಿಯಾಯಿತಿ ಅನ್ವಯವಾಯಿತು. ಅರಣ್ಯ ಭೂಮಿಗೆ ಪ್ರತ್ಯೇಕ ಅನುಮತಿ ಬೇಕು, ನಿಜ. ಅದು ನೆಲದ ಲೆಕ್ಕ, ಹರಿವಿನದಲ್ಲ.

ಮಳೆಗಾಲದ ಹೆಚ್ಚುವರಿ ಮಾತ್ರ ತೆಗೆಯುತ್ತೇವೆ, ಕೆಳಗಿನವರಿಗೆ ನಷ್ಟವೇನು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಈ ಹಳ್ಳಗಳು ಕೊನೆಗೆ ಸೇರುವುದು ನೇತ್ರಾವತಿಯನ್ನು; ಮಂಗಳೂರಿಗೆ ನೀರು ಕೊಡುವ ಆ ನದಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಕಡಿಮೆಯಾಗುವುದು ಏಪ್ರಿಲ್, ಮೇನಲ್ಲಿ. ಆದರೆ ಹೊಳೆಗೆ ಮಳೆಗಾಲವೂ ಕೆಲಸದ ಕಾಲವೇ. ಮೊದಲ ನೆರೆ ಬಂದಾಗ ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಏರುವ ಹತ್ತುಮೀನನ್ನು ಮಲೆನಾಡಿನವರು ಬಲ್ಲರು. ಜೂನ್ ಮಧ್ಯದಲ್ಲಿ ಒಡ್ಡಿನ ಬುಡಕ್ಕೆ ಬಂದ ಮೀನಿಗೆ ಮೇಲೆ ದಾರಿ ಬೇಕು, ಕೆಳಗೆ ನೀರು ಬೇಕು. ಹಳ್ಳದಲ್ಲೇ ಬಿಡಬೇಕಾದ ಈ ಪಾಲನ್ನು ‘ಪರಿಸರ ಹರಿವು’ ಎನ್ನುತ್ತಾರೆ. 9.55ರಲ್ಲಿ ಅದನ್ನೂ ಕಳೆದರೆ ಪೂರ್ವಕ್ಕೆ ಹೋಗಬಲ್ಲದ್ದು ಇನ್ನೂ ಕಡಿಮೆ.

ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲೂ ಆಗಿದೆ. ಕಾಲುವೆ ಮುಂದೆ ಪೂರ್ತಿಯಾಗಿರಲಿಲ್ಲವೆಂದು ಆ ನೀರನ್ನು ಸದ್ಯಕ್ಕೆ ವಾಣಿವಿಲಾಸ ಸಾಗರದ ಕಡೆ ತಿರುಗಿಸಿದರು. ಇಲ್ಲಿಂದ ಮುಂದೆ ಅಂದಾಜಿನ ಮೇಲೆ ಜಗಳವಾಡಬೇಕಿಲ್ಲ. ಎಂಟೂ ಒಡ್ಡುಗಳಲ್ಲಿ ಪಂಪು ಎತ್ತಿದ್ದೆಷ್ಟು, ಹಳ್ಳಕ್ಕೆ ಬಿಟ್ಟದ್ದೆಷ್ಟು ಎಂದು ಅಣೆಕಟ್ಟುಗಳ ನೀರಿನ ಮಟ್ಟ ಪತ್ರಿಕೆಯಲ್ಲಿ ಬರುವ ಹಾಗೆ ದಿನವೂ ಪ್ರಕಟಿಸಬಹುದು. ಒಂದೆರಡು ಮಳೆಗಾಲ ಹಾಗೆ ಬರೆದಿಟ್ಟರೆ, ತುಮಕೂರಿನಿಂದಾಚೆಗೆ ಎಷ್ಟು ಅಗಲದ ಕಾಲುವೆ ಬೇಕು, ಎಷ್ಟು ಕೆರೆಗಳಿಗೆ ಆಸೆ ತೋರಿಸಬಹುದು ಎಂಬುದನ್ನು ಅಳೆದ ಅಂಕಿಯ ಮೇಲೆ ಮತ್ತೆ ತೀರ್ಮಾನಿಸಬಹುದು.